ದೋಣಿ ಹೊರುವ ದಾರಿಯ ಕೋಟೆ

1777ರ ಆಗಸ್ಟ್ 6ರ ಬೆಳಗ್ಗೆ ನ್ಯೂಯಾರ್ಕ್ ಸೀಮೆಯ ಒರಿಸ್ಕ ಎಂಬ ಒನೈಡಾ ಹಳ್ಳಿಯ ಬಳಿ ನಿಕೊಲಸ್ ಹರ್ಕಿಮರ್ ತನ್ನ ಕೈಕೆಳಗಿನವರಿಂದಲೇ ಬೈಸಿಕೊಳ್ಳುತ್ತ ನಿಂತಿದ್ದ. ಅವನ ಹಿಂದೆ ಸುಮಾರು 800 ಜನರ ಮಿಲಿಷಿಯಾ ಇತ್ತು. ನೇಗಿಲು ಬಿಟ್ಟು ಬಂದೂಕು ಹಿಡಿದ ಊರ ಆಳುಗಳು ಅವರು. ಆರೇಳು ಮೈಲಿ ಮುಂದೆ ಸ್ಟಾನ್‌ವಿಕ್ಸ್ ಕೋಟೆ ಬ್ರಿಟಿಷರ ಮುತ್ತಿಗೆಯಲ್ಲಿ ಸಿಕ್ಕಿತ್ತು. ಕೋಟೆಯವರಿಗೆ ಹರ್ಕಿಮರ್ ಗುಟ್ಟಾಗಿ ಆಳು ಕಳಿಸಿದ್ದ. ಸುದ್ದಿ ಮುಟ್ಟಿದ್ದಕ್ಕೆ ಗುರುತಾಗಿ ಅಲ್ಲಿಂದ ಮೂರು ಸಲ ಫಿರಂಗಿ ಸದ್ದು ಕೇಳಬೇಕಿತ್ತು. ಹೊತ್ತೇರಿದರೂ ಸದ್ದಿಲ್ಲ. ಕಾಯೋಣ ಎಂದ. ಕಾಯುವುದು ಯಾಕೆ, ಒಡಹುಟ್ಟಿದವನು ಆಚೆ ಕಡೆ ಇದ್ದಾನೆಂದೇ ಎಂದು ಕಿರಿಯ ಅಧಿಕಾರಿಗಳು ಚುಚ್ಚಿದರು. ಒಡಹುಟ್ಟಿದ ಯೋಹಾನ್ ಯೋಸ್ಟ್ ರಾಜನ ಪಕ್ಷ ಸೇರಿದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಹೇಡಿ, ದ್ರೋಹಿ ಎಂಬ ಮಾತು ಬಂದ ಮೇಲೆ ಹರ್ಕಿಮರ್ ತಡೆಯಲಿಲ್ಲ, ಹೊರಡಿ ಎಂದ. ಸ್ವಲ್ಪ ಹೊತ್ತಿನಲ್ಲೇ ದಾರಿ ಒಂದು ಹಳ್ಳಕ್ಕಿಳಿಯಿತು. ಹಳ್ಳದ ಎರಡೂ ಮಗ್ಗುಲಿನ ಕಾಡಿನಲ್ಲಿ ಕಾದು ಕುಳಿತವರು ಇದ್ದರು.

ಅಮೆರಿಕದ ಸ್ವಾತಂತ್ರ್ಯ ಸಮರವೆಂದರೆ ನಮ್ಮ ಮನಸ್ಸಿಗೆ ಬರುವುದು ಬಾಸ್ಟನ್ನಿನ ಚಹಾ ಪೆಟ್ಟಿಗೆಗಳು, ವಾಷಿಂಗ್ಟನ್ನನ ಕುದುರೆ, ಕೆಂಪಂಗಿಯ ಸೈನಿಕರು. ಒಂದು ಕಡೆ ವಸಾಹತಿನ ಜನ, ಇನ್ನೊಂದು ಕಡೆ ಸಾಗರದಾಚೆಯ ದೊರೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮೊಹಾಕ್ ನದಿಯ ಕಣಿವೆಗೆ ಹೋದರೆ ಈ ಚಿತ್ರ ನಿಲ್ಲುವುದಿಲ್ಲ. ಅಲ್ಲಿ ಕಾದಾಡಿದವರಲ್ಲಿ ಹೆಚ್ಚಿನವರು ಒಬ್ಬರ ಹೆಸರನ್ನೊಬ್ಬರು ಬಲ್ಲವರು. ಯಾರು ಯಾರನ್ನು ಒಡೆದರು, ಆ ಒಡಕಿನಲ್ಲಿ ಕೋಟೆಯ ಪಾತ್ರವೇನು, ಕೊನೆಗೆ ಗೆದ್ದವರು ಯಾರು ಎಂಬ ಪ್ರಶ್ನೆಗಳನ್ನು ಇನ್ನೂರು ವರ್ಷಗಳಿಂದ ಬರೆಯುವವರು ಮತ್ತೆ ಮತ್ತೆ ಕೇಳಿಕೊಂಡು ಬಂದಿದ್ದಾರೆ. ಉತ್ತರಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. ಆ ಉತ್ತರಗಳನ್ನೆಲ್ಲ ಎದುರಿಗಿಟ್ಟುಕೊಂಡು ನೋಡಿದಾಗ ನನಗೆ ಗಟ್ಟಿಯಾಗಿ ಅನ್ನಿಸುವುದಿಷ್ಟು: ಈ ಕೋಟೆಯ ಚರಿತ್ರೆಯಲ್ಲಿ ಮುತ್ತಿಗೆಗಿಂತ ದೊಡ್ಡ ಘಟನೆಗಳೆಂದರೆ ಅಲ್ಲಿ ರುಜುವಾದ ಮೂರು ಜಮೀನಿನ ಕಾಗದಗಳು.

ಮೊದಲು ಜಾಗ. ಪೂರ್ವಕ್ಕೆ ಹರಿಯುವ ಮೊಹಾಕ್ ನದಿ ಹಡ್ಸನ್ ಸೇರಿ ಅಟ್ಲಾಂಟಿಕ್‌ಗೆ ಹೋಗುತ್ತದೆ. ಪಶ್ಚಿಮಕ್ಕೆ ಹರಿಯುವ ವುಡ್ ಕ್ರೀಕ್ ಎಂಬ ಹೊಳೆ ಒನೈಡಾ ಕೆರೆಯ ಮೂಲಕ ಒಂಟಾರಿಯೊ ಸರೋವರ ಮುಟ್ಟುತ್ತದೆ. ಇವೆರಡರ ನಡುವೆ ನೀರಿಲ್ಲದ ನೆಲ ಮಳೆಗಾಲದಲ್ಲಿ ಒಂದು ಮೈಲಿ, ಬೇಸಿಗೆಯಲ್ಲಿ ಆರು ಮೈಲಿ. ದೋಣಿಯನ್ನೂ ಸರಕನ್ನೂ ಹೊತ್ತು ಈ ನೆಲ ದಾಟಿದರೆ ಸಮುದ್ರದಿಂದ ಮಹಾಸರೋವರಗಳವರೆಗೂ ಜಲಮಾರ್ಗ ಕೂಡುತ್ತದೆ. ಒನೈಡಾ ಜನ ಎಷ್ಟೋ ತಲೆಮಾರಿನಿಂದ ಕಾಯ್ದುಕೊಂಡು ಬಂದ ದಾರಿ ಇದು. ಫ್ರೆಂಚರ ಜೊತೆ ಯುದ್ಧ ನಡೆಯುತ್ತಿದ್ದ 1758ರಲ್ಲಿ ಬ್ರಿಟಿಷ್ ಸೇನಾನಿ ಜಾನ್ ಸ್ಟಾನ್‌ವಿಕ್ಸ್ ಇಲ್ಲಿ ಕೋಟೆ ಎಬ್ಬಿಸಿದ. ಕಲ್ಲಿನ ಕೋಟೆಯಲ್ಲ, ಮರದ ದಿಮ್ಮಿ ಮತ್ತು ಹುಲ್ಲುಮಣ್ಣಿನದು. ನಾಲ್ಕು ಮೂಲೆಗೆ ನಾಲ್ಕು ಕೊತ್ತಲ, ಸುತ್ತ ಕಂದಕ. ಫ್ರೆಂಚರು ಸೋತ ಮೇಲೆ ಅದಕ್ಕೆ ಕೆಲಸವಿಲ್ಲದೆ ಗೋಡೆಗಳು ಜರಿಯತೊಡಗಿದವು.

ಜರಿಯುತ್ತಿದ್ದ ಆ ಕೋಟೆಯಲ್ಲೇ 1768ರಲ್ಲಿ ಮೊದಲನೆಯ ಕಾಗದ ಆಯಿತು. ಮೂಲನಿವಾಸಿ ವ್ಯವಹಾರಗಳ ಬ್ರಿಟಿಷ್ ಮುಖ್ಯಸ್ಥ ಸರ್ ವಿಲಿಯಂ ಜಾನ್ಸನ್ ದೋಣಿಗಟ್ಟಲೆ ಉಡುಗೊರೆ ತರಿಸಿ ಸಭೆ ಕರೆದ. ಮೂರು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಬಿಳಿಯರ ನೆಲ ಎಲ್ಲಿಗೆ ಮುಗಿಯಬೇಕು, ಮೂಲನಿವಾಸಿಗಳದು ಎಲ್ಲಿಂದ ಶುರುವಾಗಬೇಕು ಎಂದು ಗೆರೆ ಎಳೆಯಲಾಯಿತು. ಓಹಾಯೊ ನದಿಯ ದಕ್ಷಿಣದ ವಿಶಾಲ ನೆಲವನ್ನು ಇರೊಕ್ವಾ ಮುಖಂಡರು ಹತ್ತು ಸಾವಿರ ಪೌಂಡಿಗೆ ಸ್ವಲ್ಪ ಹೆಚ್ಚಿನ ಹಣಕ್ಕೆ ಬಿಟ್ಟುಕೊಟ್ಟರು. ಅಲ್ಲಿ ಬೇಟೆಯಾಡಿಕೊಂಡಿದ್ದವರು ಶಾನೀ ಮೊದಲಾದ ಬೇರೆ ಜನ, ಅವರ ಒಪ್ಪಿಗೆ ಯಾರಿಗೂ ಬೇಕಾಗಲಿಲ್ಲ. ಇನ್ನೊಬ್ಬರ ನೆಲ ಮಾರಿ ತಮ್ಮ ನೆಲ ಉಳಿಸಿಕೊಳ್ಳುವ ಲೆಕ್ಕಾಚಾರ ಅದಾಗಿತ್ತು. ಗೆರೆಯ ಉತ್ತರದ ತುದಿ ಬಂದು ನಿಂತದ್ದು ಈ ಕೋಟೆಯ ಹತ್ತಿರ. ಹಾಗೆ ಸ್ಟಾನ್‌ವಿಕ್ಸ್ ಗಡಿಕೋಟೆಯಾಯಿತು.

ಗೆರೆಯ ಪೂರ್ವಕ್ಕೆ, ಕಣಿವೆಯಲ್ಲಿ, ಯಾರಿದ್ದರು? ಜರ್ಮನಿಯ ಪ್ಯಾಲಟೈನ್ ಸೀಮೆಯಿಂದ ಬಂದು 1720ರ ದಶಕದಲ್ಲಿ ನೆಲೆಯೂರಿದ ರೈತರು. ಹರ್ಕಿಮರ್ ಅವರ ಪೈಕಿ. ಅವನಿಗೆ ಜರ್ಮನ್ ಮನೆಮಾತು, ಇಂಗ್ಲಿಷನ್ನು ಕಿವಿಗೆ ಕೇಳಿದಂತೆ ಬರೆಯುತ್ತಿದ್ದ. ಅವರ ಜೊತೆ ಹಳೆಯ ಡಚ್ ಕುಟುಂಬಗಳು, ಜಾನ್ಸನ್ನನ ಒಕ್ಕಲಾಗಿ ಬಂದ ಸ್ಕಾಟ್ಲೆಂಡಿನ ಗುಡ್ಡಗಾಡಿನ ಕ್ಯಾಥೊಲಿಕರು, ಇವರ ಹೊಲಗಳಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಗುಲಾಮರು. ಇವರ ನಡುವೆಯೇ ಕನಜೊಹರಿ ಮತ್ತು ಫೋರ್ಟ್ ಹಂಟರ್‌ನಲ್ಲಿ ಮೊಹಾಕರ ಹಳ್ಳಿಗಳು. ಜಾನ್ಸನ್ನನ ಮನೆ ನಡೆಸುತ್ತಿದ್ದವಳು ಮೊಹಾಕ್ ಹೆಂಗಸು ಮಾಲಿ ಬ್ರಾಂಟ್. ಇಬ್ಬರಿಗೂ ಎಂಟು ಮಕ್ಕಳು. ಅವಳ ತಮ್ಮ ಜೋಸೆಫ್ ಬ್ರಾಂಟ್, ಮೊಹಾಕ್ ಹೆಸರು ಥಾಯೆಂಡನೇಗಿಯ. ಜಾನ್ಸನ್ 1774ರಲ್ಲಿ ತೀರಿಕೊಂಡ. ಎಲ್ಲರಿಗೂ ಬೇಕಾದವನಾಗಿ ಎಲ್ಲರ ಮೇಲೂ ಹಿಡಿತವಿಟ್ಟುಕೊಂಡಿದ್ದ ಒಬ್ಬ ಮನುಷ್ಯ ಹೋದ ಮೇಲೆ ಕಣಿವೆಯಲ್ಲಿ ಅದುವರೆಗೆ ಅದುಮಿಟ್ಟ ಜಗಳಗಳೆಲ್ಲ ಮೇಲೆ ಬಂದವು. ಅವನ ಮಗ ಸರ್ ಜಾನ್ 1776ರಲ್ಲಿ ಕೆನಡಾಕ್ಕೆ ಓಡಿಹೋಗಿ ರಾಜನ ಪರವಾಗಿ ಒಂದು ರೆಜಿಮೆಂಟ್ ಕಟ್ಟಿದ. ಅದರ ಹಸಿರು ಅಂಗಿ ತೊಟ್ಟವರು ಬಹುಪಾಲು ಇದೇ ಕಣಿವೆಯವರು, ಹರ್ಕಿಮರನ ಪಡೆಯವರ ನೆರೆಹೊರೆಯವರು.

ಗೆರೆಯ ಪಶ್ಚಿಮಕ್ಕೆ ಇದ್ದವರನ್ನೂ ಈ ಮೊಹಾಕರನ್ನೂ ಸೇರಿಸಿ ಇಂಗ್ಲಿಷಿನವರು ಆರು ರಾಷ್ಟ್ರಗಳು ಎಂದರು, ಫ್ರೆಂಚರು ಇರೊಕ್ವಾ ಎಂದರು. ಅವರು ತಮ್ಮನ್ನು ಕರೆದುಕೊಂಡದ್ದು ಹೌಡಿನೊಶೌನಿ, ನೀಳಮನೆಯ ಜನ ಎಂದು. ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕಾ, ಆಮೇಲೆ ಬಂದು ಸೇರಿದ ಟಸ್ಕರೋರಾ. ಉದ್ದನೆಯ ಒಂದೇ ಮನೆಯಲ್ಲಿ ಹಲವು ಒಲೆಗಳಿದ್ದ ಹಾಗೆ ಇವರ ಕೂಟ, ನಟ್ಟನಡುವೆ ಒನೊಂಡಾಗದಲ್ಲಿ ಸಭೆಯ ಬೆಂಕಿ. ಬಳಿ, ಅಂದರೆ ಕುಲ, ಬರುವುದು ತಾಯಿಯ ಕಡೆಯಿಂದ. ಸೆನೆಕಾದ ತೋಳದ ಬಳಿಯವನಿಗೆ ಒನೈಡಾದ ತೋಳದ ಬಳಿಯವನು ಅಣ್ಣನೋ ತಮ್ಮನೋ ಆಗಬೇಕು. ತಮ್ಮತಮ್ಮಲ್ಲಿ ರಕ್ತ ಹರಿಸಬಾರದು ಎಂಬುದು ಈ ಕೂಟದ ಮೊದಲ ಕಟ್ಟಳೆ. ಅದು ಎಷ್ಟು ಹಳೆಯದೆಂಬ ವಾದ ಬೇರೆ, ಯುರೋಪಿನವರು ಬರುವ ಮೊದಲಿನದು ಎಂಬುದಂತೂ ನಿಜ.

ಈ ಮನೆ ಹೇಗೆ ಒಡೆಯಿತು? ಹತ್ತೊಂಬತ್ತನೆಯ ಶತಮಾನದ ಲೇಖಕರಿಗೆ ಉತ್ತರ ಸುಲಭವಾಗಿತ್ತು. ಬ್ರಿಟಿಷರು ಹೆಂಡ ಕುಡಿಸಿ, ಉಡುಗೊರೆ ಕೊಟ್ಟು ಇಂಡಿಯನ್ನರನ್ನು ಎತ್ತಿಕಟ್ಟಿದರು, ಕ್ರೈಸ್ತ ಪಾದ್ರಿಯೊಬ್ಬನ ಮಾತು ಕೇಳಿದ ಒನೈಡಾಗಳು ಮಾತ್ರ ಒಳ್ಳೆಯ ಬುದ್ಧಿ ತೋರಿದರು ಎಂದು ಅವರು ಬರೆದರು. ವಿಲಿಯಂ ಸ್ಟೋನ್ 1838ರಲ್ಲಿ ಬ್ರಾಂಟನ ಜೀವನಚರಿತ್ರೆ ಬರೆದು ಅವನ ಮೇಲಿನ ರಕ್ಕಸನ ಬಣ್ಣವನ್ನು ಅಷ್ಟಿಷ್ಟು ತೊಳೆದ. ಆದರೂ ಜನರ ಮನಸ್ಸಿನಲ್ಲಿ ಉಳಿದದ್ದು ಹೊಲ ಸುಡುವ ಕಾಡುಜನರ ಕಥೆಯೇ. ವಾಲ್ಟರ್ ಎಡ್ಮಂಡ್ಸ್ 1936ರಲ್ಲಿ ಬರೆದ ‘ಡ್ರಮ್ಸ್ ಅಲಾಂಗ್ ದ ಮೊಹಾಕ್’ ಕಾದಂಬರಿಯನ್ನು ಮೂರು ವರ್ಷದ ನಂತರ ಜಾನ್ ಫೋರ್ಡ್ ಸಿನಿಮಾ ಮಾಡಿದ. ಅಮೆರಿಕನ್ನರ ಒಂದು ತಲೆಮಾರು ಈ ಕಣಿವೆಯನ್ನು ಬಲ್ಲದ್ದು ಆ ಬಣ್ಣದ ಸಿನಿಮಾದಿಂದ. ರೈತ ದಂಪತಿ, ಉರಿಯುವ ಗುಡಿಸಲು, ಕೋಟೆಯೊಳಗೆ ಓಟ. ಒನೈಡಾ ಕಣ್ಣಿನಿಂದ ಆ ಯುದ್ಧ ಹೇಗೆ ಕಂಡಿತೆಂದು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ.

ದೊಡ್ಡ ತಿರುವು ಬಂದದ್ದು 1972ರಲ್ಲಿ, ಬಾರ್ಬರಾ ಗ್ರೇಮಾಂಟ್ ಆರು ರಾಷ್ಟ್ರಗಳನ್ನೇ ನಡುವಿನಲ್ಲಿಟ್ಟು ಈ ಸಮರದ ಚರಿತ್ರೆ ಬರೆದಾಗ. ಯಾರೋ ಎತ್ತಿಕಟ್ಟಿದ್ದರಿಂದ ಎದ್ದವರು ಎಂಬ ಮಾತು ಆಮೇಲೆ ನಿಲ್ಲಲಿಲ್ಲ. ಅವರಿಗೂ ರಾಜಕೀಯವಿತ್ತು, ಸಭೆಗಳಿದ್ದವು, ವಾದವಿತ್ತು, ಭಯವಿತ್ತು. 1995ರಲ್ಲಿ ಕಾಲಿನ್ ಕ್ಯಾಲವೇ ಒಂದೊಂದು ಮೂಲನಿವಾಸಿ ಊರನ್ನೇ ಹಿಡಿದು ಯುದ್ಧ ಆ ಊರಿಗೆ ಏನು ಮಾಡಿತೆಂದು ನೋಡಿದ. 2006ರಲ್ಲಿ ಬಂದ ಎರಡು ಪುಸ್ತಕಗಳಲ್ಲಿ ಜೋಸೆಫ್ ಗ್ಲಾಟ್‌ಹಾರ್ ಮತ್ತು ಜೇಮ್ಸ್ ಕರ್ಬಿ ಮಾರ್ಟಿನ್ ಅವರದು ಮರೆತುಹೋದ ಮಿತ್ರರಾದ ಒನೈಡಾಗಳ ಕಥೆ, ಅಲನ್ ಟೇಲರ್‌ನದು ಗಡಿಯ ಎರಡೂ ಮಗ್ಗುಲಿನ ನೆಲದ ಕಥೆ. ಟೇಲರ್ ಎತ್ತಿಕೊಳ್ಳುವ ಒಂದು ಜೋಡಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. 1761ರಲ್ಲಿ ಕನೆಕ್ಟಿಕಟ್‌ನ ಒಂದು ಮಿಷನ್ ಶಾಲೆಯಲ್ಲಿ ಜೋಸೆಫ್ ಬ್ರಾಂಟ್ ಮತ್ತು ಸ್ಯಾಮ್ಯುಯೆಲ್ ಕರ್ಕ್‌ಲ್ಯಾಂಡ್ ಜೊತೆಗೇ ಕಲಿತರು. ಕರ್ಕ್‌ಲ್ಯಾಂಡ್‌ಗೆ ಮೊಹಾಕ್ ಮಾತು ಹೇಳಿಕೊಟ್ಟವನು ಬ್ರಾಂಟ್. ಮುಂದೆ ಆ ಕರ್ಕ್‌ಲ್ಯಾಂಡೇ ಒನೈಡಾಗಳ ಪಾದ್ರಿಯಾಗಿ ಅವರನ್ನು ಬಂಡಾಯದ ಕಡೆ ಒಲಿಸಿದ, ಬ್ರಾಂಟ್ ಲಂಡನ್ನಿಗೆ ಹೋಗಿ ಬಂದು ರಾಜನ ಕಡೆ ನಿಂತ.

ಹಾಗೆಂದು ಪಾದ್ರಿಯೇ ಕಾರಣ ಎಂದರೆ ಒನೈಡಾಗಳಿಗೆ ಅನ್ಯಾಯ. ಅವರ ಹಳ್ಳಿಗಳು ಜರ್ಮನ್ ರೈತರ ಹಳ್ಳಿಗಳಿಗೆ ತಾಗಿಕೊಂಡಿದ್ದವು. ಕೊಡುಕೊಳೆ ಇತ್ತು, ಕಮ್ಮಾರನ ಕೆಲಸಕ್ಕೆ, ಹಿಟ್ಟಿನ ಗಿರಣಿಗೆ ಹೋಗಿಬರುವುದಿತ್ತು. ಒರಿಸ್ಕದ ಹೋನ್ ಯೆರಿಗೆ ಹೊಲ, ದನಕರು, ಒಳ್ಳೆಯ ಮನೆ ಇದ್ದವು. ಆ ನೆರೆಯವರೇ ನಾಳೆ ಗೆದ್ದರೆ ಅವರ ಜೊತೆ ಬಾಳಬೇಕಾದವರು ಒನೈಡಾಗಳು, ನಯಾಗರದ ಬ್ರಿಟಿಷ್ ಠಾಣೆಗೆ ಹತ್ತಿರವಿದ್ದ ಸೆನೆಕಾಗಳಲ್ಲ. ಮೊಹಾಕರ ಲೆಕ್ಕ ಬೇರೆ. ಅವರ ಸುತ್ತಲ ನೆಲವನ್ನೆಲ್ಲ ವಸಾಹತಿನವರು ಮೋಸದ ಪತ್ರಗಳಿಂದ ನುಂಗುತ್ತ ಬಂದಿದ್ದರು, ಅವರ ದೂರಿಗೆ ಕಿವಿಗೊಡುವವನೆಂದರೆ ದೂರದ ರಾಜನೊಬ್ಬನೇ. ಇಬ್ಬರ ಭಯವೂ ನೆಲ ಹೋಗುವ ಭಯವೇ. ಎರಡು ಪಕ್ಷಗಳನ್ನು ಹಿಡಿದರೂ ಉಳಿಸಿಕೊಳ್ಳಲು ಹೊರಟದ್ದು ಒಂದನ್ನೇ. ಈ ಒಂದು ಸಂಗತಿಯನ್ನು ಬಿಟ್ಟು ಬರೆದ ಚರಿತ್ರೆ ಎಷ್ಟೇ ದಪ್ಪವಿದ್ದರೂ ಅರ್ಧ ಮಾತ್ರ.

1775ರಲ್ಲಿ ವಸಾಹತುಗಳ ಕಾಂಗ್ರೆಸ್ಸೇ ಅವರಿಗೆ ಹೇಳಿತ್ತು: ಇದು ನಮ್ಮ ಮತ್ತು ಇಂಗ್ಲೆಂಡಿನ ಮನೆಯ ಜಗಳ, ನೀವು ತಲೆಹಾಕಬೇಡಿ. ಬಹುಪಾಲು ಮುಖಂಡರಿಗೂ ಅದೇ ಬೇಕಿತ್ತು. ಆದರೆ 1776ರಲ್ಲಿ ಕಾಂಗ್ರೆಸ್ಸಿನ ಸೈನ್ಯವೇ ಬಂದು ಹಾಳುಬಿದ್ದ ಸ್ಟಾನ್‌ವಿಕ್ಸನ್ನು ದುರಸ್ತಿ ಮಾಡತೊಡಗಿತು, ಸ್ಕೈಲರ್ ಕೋಟೆ ಎಂದು ಹೊಸ ಹೆಸರಿಟ್ಟಿತು. ದೋಣಿ ಹೊರುವ ದಾರಿಯ ಮೇಲೆ ಒಂದು ಪಕ್ಷದ ಫಿರಂಗಿ ಕೂತ ಮೇಲೆ ತಟಸ್ಥರಾಗಿ ಉಳಿಯುವುದು ಸುಲಭವಿರಲಿಲ್ಲ. 1777ರ ಜನವರಿಯಲ್ಲಿ ಒನೈಡಾ ಮುಖಂಡರು ಇದೇ ಕೋಟೆಗೆ ಬಂದು ಒಂದು ಸುದ್ದಿ ಹೇಳಿದರು: ಒನೊಂಡಾಗದಲ್ಲಿ ಸಾಂಕ್ರಾಮಿಕ ರೋಗದಿಂದ ಬಹಳ ಜನ ಸತ್ತಿದ್ದಾರೆ, ಹಿರಿಯ ಮುಖಂಡರೂ ಹೋಗಿದ್ದಾರೆ, ಸಭೆಯ ಬೆಂಕಿ ಆರಿದೆ. ಬಹಳ ಕಾಲ ಚರಿತ್ರಕಾರರು ಇದನ್ನು ಕೂಟದ ಸಾವು ಎಂದೇ ಓದಿದರು. ನನಗೆ ಒಪ್ಪಿಗೆಯಾಗುವುದು ಇನ್ನೊಂದು ಓದು. ಸತ್ತವರ ಜಾಗಕ್ಕೆ ಹೊಸಬರನ್ನು ಕೂರಿಸಿ ದುಃಖ ತೊಳೆಯುವ ವಿಧಿ ಮುಗಿಯುವವರೆಗೆ ಸಭೆ ಕೂಡುವಂತಿಲ್ಲ. ಸೂತಕದ ಮನೆಯಲ್ಲಿ ಒಲೆ ಹಚ್ಚದ ಹಾಗೆ. ಬೆಂಕಿ ಮತ್ತೆ ಹೊತ್ತಿಸಬಹುದಿತ್ತು, ಮುಂದೆ ಹೊತ್ತಿಸಿದರು ಕೂಡ. ಆದರೆ ಎಲ್ಲರೂ ಕೂತು ಒಂದು ಮಾತಿಗೆ ಬರಬೇಕಾಗಿದ್ದ ವರ್ಷದಲ್ಲೇ ಅದು ಆರಿತ್ತು. ಆಮೇಲೆ ಒಂದೊಂದು ಊರೂ ತನ್ನ ತೀರ್ಮಾನ ತಾನೇ ಮಾಡಿಕೊಂಡಿತು.

ಆ ಬೇಸಿಗೆ ಬ್ರಿಟಿಷ್ ಸೇನಾನಿ ಬ್ಯಾರಿ ಸೇಂಟ್ ಲೆಜರ್ ಒಂಟಾರಿಯೊ ಸರೋವರದ ಕಡೆಯಿಂದ ಬಂದ. ಉತ್ತರದಿಂದ ಇಳಿಯುತ್ತಿದ್ದ ಬರ್ಗೊಯ್ನನ ದೊಡ್ಡ ಸೈನ್ಯವನ್ನು ಆಲ್ಬನಿಯಲ್ಲಿ ಕೂಡಿಕೊಳ್ಳುವುದು ಅವನ ಕೆಲಸ. ಅವನ ಜೊತೆ ಬ್ರಿಟಿಷ್ ಸಿಪಾಯಿಗಳು, ಜರ್ಮನ್ ಬಂದೂಕುಗಾರರು, ಸರ್ ಜಾನ್‌ನ ಹಸಿರಂಗಿಯವರು, ಕೆನಡಾದವರು, ಪಡೆಯ ಅರ್ಧದಷ್ಟು ಮೂಲನಿವಾಸಿ ಯೋಧರು. ಕೋಟೆಯೊಳಗೆ ಪೀಟರ್ ಗ್ಯಾನ್ಸ್‌ವೂರ್ಟ್ ಎಂಬ ಇಪ್ಪತ್ತೆಂಟು ವರ್ಷದ ಕರ್ನಲ್, ಅವನ ಕೈಕೆಳಗೆ ಸುಮಾರು 750 ಜನ. ಮುತ್ತಿಗೆಗೆ ಕೆಲವು ದಿನ ಮೊದಲು ಕೋಟೆಯ ಹೊರಗೆ ಹಣ್ಣು ಬಿಡಿಸಲು ಹೋದ ಹುಡುಗಿಯರ ಮೇಲೆ ದಾಳಿಯಾಗಿ ಇಬ್ಬರು ಸತ್ತಿದ್ದರು. ಆ ಭಯ ಒಳಗಿನವರನ್ನು ಗಟ್ಟಿ ಮಾಡಿತು. ಸೇಂಟ್ ಲೆಜರ್ ತಂದ ಫಿರಂಗಿಗಳು ಚಿಕ್ಕವು, ಗುಂಡುಗಳು ಹುಲ್ಲುಮಣ್ಣಿನ ಗೋಡೆಯಲ್ಲಿ ಹೂತುಹೋಗುತ್ತಿದ್ದವು.

ಹರ್ಕಿಮರ್ ನೆರವಿಗೆ ಹೊರಟ ಸುದ್ದಿಯನ್ನು ಬ್ರಿಟಿಷ್ ಬಿಡಾರಕ್ಕೆ ಮುಟ್ಟಿಸಿದವಳು ಕನಜೊಹರಿಯ ತನ್ನ ಮನೆಯಿಂದ ಓಟದ ಆಳು ಕಳಿಸಿದ ಮಾಲಿ ಬ್ರಾಂಟ್. ಹಾಗಾಗಿ ಆ ಹಳ್ಳದಲ್ಲಿ, ಅಂದರೆ ಒರಿಸ್ಕನಿಯಲ್ಲಿ, ಕಾದು ಕೂತವರಿಗೆ ಬರುವವರು ಯಾರೆಂದು ಗೊತ್ತಿತ್ತು. ಬರುವವರ ಜೊತೆ ಸುಮಾರು 60 ಒನೈಡಾ ಯೋಧರೂ ಇದ್ದರು. ಮೊದಲ ಗುಂಡಿನ ಸುರಿಮಳೆಗೇ ಮಿಲಿಷಿಯಾದ ಅಧಿಕಾರಿಗಳಲ್ಲಿ ಎಷ್ಟೋ ಜನ ಉರುಳಿದರು. ಹರ್ಕಿಮರನ ಕುದುರೆ ಸತ್ತಿತು, ಅವನ ಕಾಲು ಮುರಿಯಿತು. ಜೀನನ್ನು ಬೀಚ್ ಮರದ ಬುಡಕ್ಕೆ ಇಡಿಸಿಕೊಂಡು, ಅದಕ್ಕೊರಗಿ ಕೂತು, ಚುಂಗಾಣಿ ಹೊತ್ತಿಸಿಕೊಂಡು ಅಲ್ಲಿಂದಲೇ ಆಜ್ಞೆ ಕೊಟ್ಟ. ನಡುವೆ ಗುಡುಗುಮಳೆ ಬಂದು ಮದ್ದು ಒದ್ದೆಯಾಗಿ ಹೋರಾಟ ಒಂದು ಗಳಿಗೆ ನಿಂತಿತು. ಮಳೆ ನಿಂತ ಮೇಲೆ ಸರ್ ಜಾನ್‌ನ ಹಸಿರಂಗಿಯವರು ಅಂಗಿಯನ್ನು ಒಳಮೈ ಹೊರಗಾಗಿ ತಿರುಗಿಸಿ ತೊಟ್ಟು, ಕೋಟೆಯಿಂದ ಬಂದ ನೆರವೆಂಬಂತೆ ಮುಂದೆ ನಡೆದರೆಂದು ಕಣಿವೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಹತ್ತಿರ ಬಂದಾಗ ಮುಖಗಳ ಗುರುತು ಸಿಕ್ಕಿತು. ಆಮೇಲಿನದು ಬಂದೂಕಿನ ಹಿಡಿ, ಚೂರಿ, ಬರಿಗೈಯ ಕಾದಾಟ.

ಒನೈಡಾ ಯೋಧರಲ್ಲಿ ಒಬ್ಬನಾದ ಹೋನ್ ಯೆರಿಯ ಮಣಿಕಟ್ಟಿಗೆ ಗುಂಡು ಬಿತ್ತು. ಅವನ ಹೆಂಡತಿ ತ್ಯೊನಜನೇಗೆನ್ ಪಕ್ಕದಲ್ಲಿ ನಿಂತು ಅವನ ಬಂದೂಕಿಗೆ ಮದ್ದು ತುಂಬಿಕೊಡುತ್ತ ಹೋದಳು. ಆಚೆ ಕಡೆ ಹೋರಾಡಿದ ಸೆನೆಕಾ ಯೋಧ ಬ್ಲ್ಯಾಕ್‌ಸ್ನೇಕ್ ಮುದುಕನಾದ ಮೇಲೆ ತನ್ನ ನೆನಪು ಬರೆಸಿದ್ದಾನೆ. ಇಳಿಜಾರಿನಲ್ಲಿ ರಕ್ತ ತೊರೆಯಾಗಿ ಹರಿಯಿತೆಂದು ಅವನಿಗೆ ತೋರಿತ್ತು. ಸೆನೆಕಾಗಳ ನಡುವೆ ಬಾಳಿದ ಮೇರಿ ಜೆಮಿಸನ್ 1824ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹೇಳುವ ಮಾತು ಇನ್ನೂ ಕಹಿ. ಬ್ರಿಟಿಷರು ಸೆನೆಕಾಗಳನ್ನು ಕರೆದದ್ದು ಕೂತು ಹೊಗೆ ಸೇದುತ್ತ ತಮಾಷೆ ನೋಡಲು ಬನ್ನಿ ಎಂದು, ಆದರೆ ಅವರ ಕಡೆ 36 ಜನ ಸತ್ತರು, ಊರಿಗೆ ಊರೇ ಗೋಳಾಡಿತು. ಹರ್ಕಿಮರನ ಪಡೆಯಲ್ಲಿ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು. ಹರ್ಕಿಮರನ ಕಾಲು ಕತ್ತರಿಸಿದರು. ಹತ್ತೇ ದಿನದಲ್ಲಿ ಅವನು ತೀರಿಕೊಂಡ. ಒರಿಸ್ಕ ಎಂದರೆ ಒನೈಡಾ ಮಾತಿನಲ್ಲಿ ತುರಚಿ ಗಿಡದ ಜಾಗ. ಹೌಡಿನೊಶೌನಿಗಳು ಈಗ ಅದನ್ನು ಮಹಾದುಃಖದ ಜಾಗ ಎಂದು ನೆನೆಯುತ್ತಾರೆ.

ಅದೇ ಹೊತ್ತಿಗೆ ಕೋಟೆಯಿಂದ ಮರೀನಸ್ ವಿಲೆಟ್ 250 ಜನರೊಡನೆ ಹೊರಬಿದ್ದು ಯೋಧರಿಲ್ಲದ ಬಿಡಾರಗಳನ್ನು ದೋಚಿದ. ಕಂಬಳಿ, ಹಂಡೆ, ಬಟ್ಟೆ, ಕಾಗದಪತ್ರಗಳನ್ನು ಗಾಡಿಗಟ್ಟಲೆ ಒಳಗೆ ಸಾಗಿಸಿದ. ಹಳ್ಳದಿಂದ ಹಿಂದಿರುಗಿದ ಯೋಧರಿಗೆ ಹೊದೆಯಲು ಕಂಬಳಿಯೂ ಇರಲಿಲ್ಲ. ಮುತ್ತಿಗೆ ಮುಗಿಯಲು ಅರ್ಧ ಕಾರಣ ಇದು. ಉಳಿದರ್ಧ, ಕೋಟೆಯ ನೆರವಿಗೆ ಬರುತ್ತಿದ್ದ ಅಮೆರಿಕನ್ ಸೇನಾನಿ ಬೆನೆಡಿಕ್ಟ್ ಆರ್ನಾಲ್ಡ್ ಹೂಡಿದ ಉಪಾಯ. ಮರಣದಂಡನೆಗೆ ಗುರಿಯಾಗಿದ್ದ ಹಾನ್ ಯೋಸ್ಟ್ ಸ್ಕೈಲರ್ ಎಂಬ ರಾಜಪಕ್ಷದವನ ತಮ್ಮನನ್ನು ಒತ್ತೆಯಿಟ್ಟುಕೊಂಡು, ಅವನ ಅಂಗಿಗೆ ಗುಂಡಿನ ತೂತು ಮಾಡಿಸಿ ಬ್ರಿಟಿಷ್ ಬಿಡಾರಕ್ಕೆ ಓಡಿಸಿದ. ಎಷ್ಟು ಜನ ಬರುತ್ತಿದ್ದಾರೆಂದು ಕೇಳಿದಾಗ ಅವನು ಮರದ ಎಲೆಗಳ ಕಡೆ ಕೈತೋರಿಸಿದನಂತೆ. ಅದಾಗಲೇ ಮನಸ್ಸು ಮುರಿದಿದ್ದ ಯೋಧರು ಹೊರಟುಹೋದರು. ಆಗಸ್ಟ್ 22ಕ್ಕೆ ಸೇಂಟ್ ಲೆಜರ್ ಕಾಲ್ತೆಗೆದ. ಅಕ್ಟೋಬರ್ 17ರಂದು ಸರಟೋಗದಲ್ಲಿ ಬರ್ಗೊಯ್ನ್ ಶರಣಾದ. ಸ್ಟಾನ್‌ವಿಕ್ಸ್ ಬಿದ್ದಿದ್ದರೆ ಸರಟೋಗದ ಕಥೆ ಬೇರೆಯಾಗುತ್ತಿತ್ತು ಎಂದು ಸೈನಿಕ ಚರಿತ್ರಕಾರರು ಹೇಳುವುದು ಸರಿಯೇ. ಆದರೆ ಅವರ ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಕಣಿವೆಯ ಜನರಿಗೆ ಅದು ಆರಂಭ.

ಸೆನೆಕಾ, ಮೊಹಾಕರು ಒರಿಸ್ಕವನ್ನು ಸುಟ್ಟರು. ಒನೈಡಾಗಳು ಹೋಗಿ ಕನಜೊಹರಿಯಲ್ಲಿ ಮಾಲಿ ಬ್ರಾಂಟಳ ಮನೆ ದೋಚಿದರು, ಅವಳು ಮಕ್ಕಳೊಡನೆ ಊರು ಬಿಟ್ಟಳು. ಒಂದೇ ಬಳಿಯವರು ಒಬ್ಬರ ಮನೆಯನ್ನೊಬ್ಬರು ಸುಡುವುದು ಹೀಗೆ ಶುರುವಾಯಿತು. 1778ರಲ್ಲಿ ಜರ್ಮನ್ ಫ್ಲ್ಯಾಟ್ಸ್, ಚೆರ್ರಿ ವ್ಯಾಲಿಗಳು ಉರಿದವು. ಚೆರ್ರಿ ವ್ಯಾಲಿಯಲ್ಲಿ ಹೆಂಗಸರು ಮಕ್ಕಳೂ ಸತ್ತರು. 1779ರ ಏಪ್ರಿಲ್‌ನಲ್ಲಿ ಇದೇ ಕೋಟೆಯಿಂದ ಹೊರಟ ದಂಡು ಒನೊಂಡಾಗವನ್ನು, ಅಂದರೆ ಸಭೆಯ ಬೆಂಕಿಯಿದ್ದ ಊರನ್ನೇ, ಸುಟ್ಟಿತು. ಮಿತ್ರರಾದ ಒನೈಡಾಗಳಿಗೆ ಸುಳಿವು ಕೊಡದೆ, ಅವರನ್ನು ಬೇರೆ ಕಡೆ ದಾಳಿಗೆ ಕಳಿಸಿ ಈ ಕೆಲಸ ಮಾಡಲಾಯಿತು. ಆ ಬೇಸಿಗೆ ವಾಷಿಂಗ್ಟನ್ನನ ಆಜ್ಞೆಯಂತೆ ಜನರಲ್ ಸಲಿವನ್ ಕಯೂಗ, ಸೆನೆಕಾ ಸೀಮೆಗೆ ನುಗ್ಗಿದ. 40 ಊರು, ಒಂದು ಲಕ್ಷ ಅರವತ್ತು ಸಾವಿರ ಬುಷೆಲ್ ಮೆಕ್ಕೆಜೋಳ ನಾಶವಾಯಿತೆಂದು ಅವನದೇ ವರದಿ ಹೇಳುತ್ತದೆ. ಹಣ್ಣಿನ ಮರಗಳನ್ನೂ ಕಡಿದರು. ಸಾವಿರಾರು ಜನ ನಯಾಗರ ಕೋಟೆಯ ಸುತ್ತ ಹಿಮದಲ್ಲಿ ಆ ಚಳಿಗಾಲ ಕಳೆದರು. ಮರುವರ್ಷ ಬ್ರಾಂಟ್ ಬಂದು ಒನೈಡಾ ಹಳ್ಳಿಗಳನ್ನೂ ಕರ್ಕ್‌ಲ್ಯಾಂಡನ ಚರ್ಚನ್ನೂ ಸುಟ್ಟ. ಒನೈಡಾಗಳು ಸ್ಕೆನೆಕ್ಟಡಿ ಪಟ್ಟಣದ ಹೊರಗೆ ಗುಡಿಸಲು ಹಾಕಿಕೊಂಡು ಹಸಿದರು. ಎರಡು ವರ್ಷದ ಹಿಂದೆ, 1778ರಲ್ಲಿ, ವಾಷಿಂಗ್ಟನ್ನನ ಹಸಿದ ಸೈನ್ಯಕ್ಕೆ ವ್ಯಾಲಿ ಫೋರ್ಜ್‌ವರೆಗೆ ಯೋಧರನ್ನು ಕಳಿಸಿದ್ದವರು ಇವರೇ. ಬಿಳಿ ಮೆಕ್ಕೆಜೋಳ ಬೇಯಿಸುವ ಬಗೆಯನ್ನು ಸಿಪಾಯಿಗಳಿಗೆ ಕಲಿಸಿದ ಪಾಲಿ ಕೂಪರಳ ಕಥೆಯನ್ನು ಒನೈಡಾ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಕೋಟೆ ಮಾತ್ರ ಯಾವ ಶತ್ರುವಿಗೂ ಬೀಳದೆ 1781ರಲ್ಲಿ ನೆರೆಗೂ ಬೆಂಕಿಗೂ ಸಿಕ್ಕು ಹಾಳಾಯಿತು, ಸೈನ್ಯ ಅದನ್ನು ಬಿಟ್ಟು ನಡೆಯಿತು.

1783ರಲ್ಲಿ ಪ್ಯಾರಿಸ್ಸಿನಲ್ಲಿ ಶಾಂತಿ ಒಪ್ಪಂದವಾದಾಗ ಅದರಲ್ಲಿ ಮೂಲನಿವಾಸಿಗಳ ಹೆಸರೇ ಇರಲಿಲ್ಲ. ಬ್ರಿಟನ್ ತನಗಾಗಿ ಹೋರಾಡಿದವರ ನೆಲವನ್ನು ಅವರನ್ನು ಕೇಳದೆ ಬರೆದುಕೊಟ್ಟಿತು. ಈ ಸಮರದ ಅಲೆ ಎಷ್ಟು ದೂರ ಹೋಗಿತ್ತೆಂದರೆ, ಬ್ರಿಟಿಷರನ್ನು ಎದುರಿಸಿದ ನಮ್ಮ ಹೈದರ್ ಅಲಿಯ ಹೆಸರನ್ನು ಪೆನ್ಸಿಲ್ವೇನಿಯದವರು ತಮ್ಮ ಯುದ್ಧದ ಹಡಗಿಗೆ ಇಟ್ಟಿದ್ದರು, ಆ ಹಡಗು 1782ರಲ್ಲಿ ಒಂದು ಬ್ರಿಟಿಷ್ ಹಡಗನ್ನು ಹಿಡಿಯಿತು. ಕಾಣದ ಶ್ರೀರಂಗಪಟ್ಟಣದವನನ್ನು ಹಾಗೆ ಗೌರವಿಸಿದವರು ಪಕ್ಕದಲ್ಲಿ ನಿಂತು ರಕ್ತ ಸುರಿಸಿದವರ ಜಮೀನನ್ನು ಹೇಗೆ ನಡೆಸಿಕೊಂಡರೆಂಬುದಕ್ಕೆ ಈ ಕೋಟೆಯ ಉಳಿದ ಎರಡು ಕಾಗದಗಳೇ ಸಾಕ್ಷಿ.

1784ರ ಅಕ್ಟೋಬರ್‌ನಲ್ಲಿ ಹಾಳು ಕೋಟೆಗೆ ಅಮೆರಿಕದ ಕಮಿಷನರುಗಳು ಆರು ರಾಷ್ಟ್ರಗಳವರನ್ನು ಕರೆಸಿದರು. ಸೆರೆಯಾಳುಗಳು ಹಿಂದಿರುಗುವವರೆಗೆ ಎಂದು ಒತ್ತೆಯಾಳುಗಳನ್ನು ಇಟ್ಟುಕೊಂಡೇ ಮಾತು ನಡೆಸಿದರು. ಅಕ್ಟೋಬರ್ 22ರಂದು ರುಜುವಾದ ಈ ಎರಡನೆಯ ಕಾಗದದಲ್ಲಿ ಸೋತ ರಾಷ್ಟ್ರಗಳು ಪಶ್ಚಿಮದ ನೆಲ ಬಿಟ್ಟುಕೊಟ್ಟವು. ಒನೈಡಾ ಮತ್ತು ಟಸ್ಕರೋರಾಗಳ ನೆಲ ಅವರದೇ ಎಂದು ಮಾತು ಕೊಡಲಾಯಿತು. ಮೂರು ದಿನ ಕಳೆದು, ಅಕ್ಟೋಬರ್ 25ರಂದು, ಕೆನಡಾದಲ್ಲಿ ಬ್ರಿಟಿಷ್ ಗವರ್ನರ್ ಹಾಲ್ಡಿಮಂಡ್ ಬ್ರಾಂಟನ ಜನಕ್ಕೆ ಗ್ರ್ಯಾಂಡ್ ನದಿಯ ಎರಡೂ ದಡದಲ್ಲಿ ಆರಾರು ಮೈಲಿ ನೆಲ ಕೊಟ್ಟ. ನೀಳಮನೆಯ ನಡುವೆ ಎರಡು ದೇಶಗಳ ಗಡಿ ಬಂತು. ಹರ್ಕಿಮರನ ಒಡಹುಟ್ಟಿದವನೂ ಗಡಿಯ ಆಚೆಗೇ ಉಳಿದ.

ಅಮೆರಿಕ ಕೊಟ್ಟ ಮಾತಿಗೆ ನಾಲ್ಕು ವರ್ಷ ತುಂಬುವ ಮೊದಲೇ, 1788ರ ಸೆಪ್ಟೆಂಬರ್‌ನಲ್ಲಿ, ಇದೇ ಜಾಗದಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಜಾರ್ಜ್ ಕ್ಲಿಂಟನ್ ಒನೈಡಾಗಳಿಂದ ಮೂರನೆಯ ಕಾಗದಕ್ಕೆ ರುಜು ಹಾಕಿಸಿಕೊಂಡ. ಸುಮಾರು 60 ಲಕ್ಷ ಎಕರೆಯ ತಾಯ್ನೆಲದಲ್ಲಿ ಅವರಿಗೆ ಉಳಿದದ್ದು 3 ಲಕ್ಷ ಎಕರೆಯಷ್ಟು. ಪ್ರತಿಯಾಗಿ ಕೊಟ್ಟದ್ದು ಐದು ಸಾವಿರ ಡಾಲರ್ ಬೆಲೆಯ ನಗದು, ಬಟ್ಟೆ, ದವಸ, ಮತ್ತೆ ವರ್ಷಕ್ಕೆ 600 ಡಾಲರ್. ನೆಲ ಮಾರುತ್ತಿಲ್ಲ, ಬೇರೆಯವರಿಂದ ಕಾಪಾಡಲು ರಾಜ್ಯಕ್ಕೆ ಒಪ್ಪಿಸುತ್ತಿದ್ದೇವೆ ಎಂದು ತಿಳಿದೇ ರುಜು ಹಾಕಿದೆವೆಂದು ಒನೈಡಾಗಳು ಮುಂದೆ ಹೇಳುತ್ತ ಬಂದರು. ಮೂಲನಿವಾಸಿಗಳ ನೆಲವನ್ನು ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಕೊಳ್ಳಬಾರದೆಂದು 1790ರಲ್ಲಿ ಅಮೆರಿಕ ಕಾನೂನು ಮಾಡಿತು. 1795ರಲ್ಲಿ ನ್ಯೂಯಾರ್ಕ್ ಆ ಕಾನೂನನ್ನು ಮೀರಿ ಮತ್ತೆ ಒಂದು ಲಕ್ಷ ಎಕರೆ ಕೊಂಡಿತು. ಉಳಿದದ್ದೂ ತುಂಡುತುಂಡಾಗಿ ಹೋಯಿತು. ಒನೈಡಾಗಳಲ್ಲಿ ಬಹಳ ಜನ ವಿಸ್ಕಾನ್ಸಿನ್‌ಗೂ ಕೆನಡಾಕ್ಕೂ ಗುಳೆ ಹೋದರು.

ಸೋತ ಮೊಹಾಕರಿಗೆ ಸೋತ ರಾಜನಿಂದ ಗ್ರ್ಯಾಂಡ್ ನದಿಯ ನೆಲ ಸಿಕ್ಕಿತು, ಗೆದ್ದ ಒನೈಡಾಗಳಿಗೆ ಗೆದ್ದ ಮಿತ್ರರಿಂದ ಇದ್ದದ್ದೂ ಹೋಯಿತು. ಗ್ರ್ಯಾಂಡ್ ನದಿಯ ನೆಲವೂ ಮುಂದೆ ಬಹುಪಾಲು ಕೈಬಿಟ್ಟಿತೆಂಬುದು ನಿಜ. ಆದರೂ ಯಾವ ಪಕ್ಷ ಹಿಡಿದಿದ್ದರೆ ಒಳ್ಳೆಯದಿತ್ತು ಎಂಬ ಹಳೆಯ ವಾದಕ್ಕೆ ಇಲ್ಲಿ ಅರ್ಥ ಉಳಿಯುವುದಿಲ್ಲ. ಒನೈಡಾಗಳು ತಪ್ಪು ಮಾಡಿದರೆಂದು ನಾನು ಹೇಳಲಾರೆ. ನೆರೆಯವರ ಮಾತು ನಂಬಿದ್ದನ್ನು ತಪ್ಪೆನ್ನುವುದು ಹೇಗೆ? ಮಾತು ಮುರಿದವರ ಹೆಸರನ್ನು ಬರೆಯುವುದೇ ಚರಿತ್ರಕಾರನ ಕೆಲಸ. ಇನ್ನೂರು ವರ್ಷದ ಬರವಣಿಗೆ ನಿಧಾನವಾಗಿ ಅಲ್ಲಿಗೇ ಬಂದು ಮುಟ್ಟಿದೆ.

ನ್ಯಾಯಾಲಯವೂ ಬಂದು ಮುಟ್ಟಿತು, ಬಹಳ ತಡವಾಗಿ. 1795ರ ಖರೀದಿ ಕಾನೂನಿಗೆ ವಿರುದ್ಧವೆಂಬ ಒನೈಡಾಗಳ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲಿ ಎತ್ತಿಹಿಡಿಯಿತು. ಆದರೆ 2005ರಲ್ಲಿ ಅದೇ ಕೋರ್ಟು, ಹಳೆಯ ನೆಲವನ್ನು ಮರಳಿ ಕೊಂಡರೂ ಅದರ ಮೇಲೆ ಒನೈಡಾಗಳ ಸ್ವಂತ ಆಡಳಿತ ಹಿಂದಿರುಗದು, ಕಾಲ ಬಹಳ ಕಳೆದಿದೆ ಎಂದಿತು.

ಹಾಳಾದ ಕೋಟೆಯ ಮೇಲೆ ರೋಮ್ ಎಂಬ ಪಟ್ಟಣ ಬೆಳೆಯಿತು. 1970ರ ದಶಕದಲ್ಲಿ ಪಟ್ಟಣದ ನಡುವಿನ ಕಟ್ಟಡಗಳನ್ನು ಕೆಡವಿ, ನೆಲ ಅಗೆದು, ಹಳೆಯ ಕೊತ್ತಲಗಳ ಗುರುತು ಹಿಡಿದು ಕೋಟೆಯನ್ನು ಮತ್ತೆ ಕಟ್ಟಿದರು. ಸ್ವಾತಂತ್ರ್ಯದ ಇನ್ನೂರನೆಯ ವರ್ಷ 1976ರಲ್ಲಿ ಅದು ಜನರಿಗೆ ತೆರೆಯಿತು. ಈಗ ಅದು ರಾಷ್ಟ್ರೀಯ ಸ್ಮಾರಕ. ಅಲ್ಲಿಗೆ ಹೋಗುವ ನಮ್ಮವರಲ್ಲಿ ನನ್ನದೊಂದು ಕೋರಿಕೆ: ಫಿರಂಗಿಗಳ ಮುಂದೆ ಫೋಟೊ ತೆಗೆಸಿಕೊಂಡು ಬರಬೇಡಿ. 1784ರ, 1788ರ ಸಭೆಗಳು ಎಲ್ಲಿ ನಡೆದವೆಂದು ಕೇಳಿ, ಆರೇಳು ಮೈಲಿ ದೂರದ ಒರಿಸ್ಕನಿಯ ಹಳ್ಳಕ್ಕೂ ಹೋಗಿ ಬನ್ನಿ. 60 ಲಕ್ಷ ಎಕರೆ ಇದ್ದ ಒನೈಡಾಗಳ ಕೈಯಲ್ಲಿ 1920ರ ಹೊತ್ತಿಗೆ ಆ ಸೀಮೆಯಲ್ಲಿ ಉಳಿದಿದ್ದ ನೆಲ 32 ಎಕರೆ.